ಕೇಳಿ ತಿಳಿಯಿರಿ: ಮರ್ಜ್ ಆದ ಫೈಲಿನ ಜಾತಕ

ಫೈಲುಗಳಲ್ಲಿ ಆಗುವ ಬದಲಾವಣೆಗಳ ಲೆಕ್ಕವಿಡುವ ಸಾಫ್ಟ್‌ವೇರ್ ‘ಗಿಟ್’. ಅದರ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಗಂಟಿನ ಸುತ್ತ ಇವೆ. ಎರಡು ಬ್ರ್ಯಾಂಚ್‌ಗಳು (ಬೇರೆಬೇರೆಯಾಗಿ ನಡೆದ ಕೆಲಸದ ಕವಲುಗಳು) ಮರ್ಜ್ ಆದ, ಅಂದರೆ ಒಂದಾಗಿ ಸೇರಿದ ಮೇಲೆ ಒಂದು ಫೈಲಿನ ಹಿಂದುಮುಂದು ತಿಳಿಯುವುದು ಹೇಗೆ? ಯಾರು ಬರೆದರು, ಯಾವಾಗ ಬಂತು, ಎಲ್ಲಿ ಕಳೆದುಹೋಯಿತು? ಒಂದೊಂದಾಗಿ ಬಿಡಿಸೋಣ.

ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಅಚ್ಚು ಹಾಕಿದ್ದೇವೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ‘ದೊಡ್ಡ ಎಸ್’, ‘ದೊಡ್ಡ ಸಿ’ ಎಂದೇ ಹೇಳಿದ್ದೇವೆ. ಹಾಗೆ ಹೇಳದಿದ್ದರೆ ಎಲ್ಲವೂ ಸಣ್ಣಕ್ಷರ. ‘ಹ್ಯಾಷ್’ ಎಂದಿರುವಲ್ಲಿ ನಿಮ್ಮ ಕಮಿಟ್‌ನ (ಗಿಟ್‌ನಲ್ಲಿ ಒಂದು ಸಲ ಮಾಡಿದ ದಾಖಲೆಯ) ಹ್ಯಾಷ್, ಅಂದರೆ ಅದರ ಗುರುತಿನ ಸಂಕೇತ, ಹಾಕಿಕೊಳ್ಳಿ.

ಪ್ರಶ್ನೆ: ನಮ್ಮದು ಬಿಲ್ಲಿಂಗ್ ಸಾಫ್ಟ್‌ವೇರ್. ಪೈಸೆ ರೌಂಡ್ ಆಫ್ ಮಾಡುವ ತಪ್ಪೊಂದನ್ನು ಸಹೋದ್ಯೋಗಿ ‘ರೌಂಡಾಫ್’ ಎಂಬ ಬ್ರ್ಯಾಂಚ್‌ನಲ್ಲಿ ಸರಿಪಡಿಸಿದರು. ಅದು ಮುಖ್ಯ ಬ್ರ್ಯಾಂಚ್ ಆದ ಮೇನ್‌ಗೆ ಮರ್ಜ್ ಆಗಿ ಮೂರು ವಾರವಾಯಿತು. ಈಗ ನೋಡಿದರೆ ಆ ಸಾಲು ಬಿಲ್.ಪೈ ಫೈಲಿನಲ್ಲಿ ಇಲ್ಲ. ಬರೀ ‘ಗಿಟ್ ಲಾಗ್’ ಕೊಟ್ಟರೆ ಅವರ ಕಮಿಟ್ ಕಾಣುತ್ತದೆ. ‘ಗಿಟ್ ಲಾಗ್ ಬಿಲ್.ಪೈ’ ಕೊಟ್ಟರೆ ಕಾಣುವುದಿಲ್ಲ. ಸಾಲನ್ನು ತೆಗೆದ ಕಮಿಟ್ ಕೂಡ ಎಲ್ಲೂ ಸಿಗುತ್ತಿಲ್ಲ. ಗಿಟ್‌ನಲ್ಲೇ ದೋಷವಿದೆಯೇ?
(ಹುಬ್ಬಳ್ಳಿಯ ಓದುಗರು)

ಉತ್ತರ: ಗಿಟ್‌ನಲ್ಲಿ ದೋಷವಿಲ್ಲ. ನಿಮ್ಮ ಸಾಲನ್ನು ನುಂಗಿದ್ದು ಆ ಮರ್ಜ್ ಕಮಿಟ್ಟೇ. ಅದು ಲಾಗ್‌ನಲ್ಲಿ ಏಕೆ ಕಾಣುವುದಿಲ್ಲ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಮುಂದಿನ ಎಲ್ಲ ಪ್ರಶ್ನೆಗಳಿಗೂ ಇದೇ ಬುಡ.

ಗಿಟ್‌ನಲ್ಲಿ ಫೈಲಿಗೊಂದು ಚರಿತ್ರೆ ಎಂಬುದೇ ಇಲ್ಲ. 2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಇದನ್ನು ಕಟ್ಟಿದಾಗಿನಿಂದಲೂ ಒಂದೊಂದು ಕಮಿಟ್ ಎಂದರೆ ಇಡೀ ಪ್ರಾಜೆಕ್ಟಿನ ಒಂದೊಂದು ಚಿತ್ರ. ಜೊತೆಗೆ ಅದರ ಹಿಂದಿನ ಕಮಿಟ್ ಯಾವುದು ಎಂಬ ಗುರುತು, ಅಂದರೆ ಪೇರೆಂಟ್. ಮಾಮೂಲಿ ಕಮಿಟ್‌ಗೆ ಒಂದು ಪೇರೆಂಟ್, ಮರ್ಜ್ ಕಮಿಟ್‌ಗೆ ಸಾಮಾನ್ಯವಾಗಿ ಎರಡು. ನೀವು ‘ಗಿಟ್ ಲಾಗ್ ಬಿಲ್.ಪೈ’ ಎಂದು ಕೇಳಿದಾಗ ಗಿಟ್ ಆ ಕ್ಷಣದಲ್ಲಿ ಲೆಕ್ಕ ಹಾಕಿ ಉತ್ತರ ಕೊಡುತ್ತದೆ. ಅದು ಉತ್ತರಿಸುವ ಪ್ರಶ್ನೆಯೂ ನೀವು ಅಂದುಕೊಂಡದ್ದಲ್ಲ. ‘ಈ ಫೈಲನ್ನು ಯಾರ‍್ಯಾರು ಮುಟ್ಟಿದರು’ ಎಂಬುದಕ್ಕಲ್ಲ, ‘ಈ ಫೈಲು ಈಗಿನ ರೂಪಕ್ಕೆ ಬಂದದ್ದು ಹೇಗೆ’ ಎಂಬುದಕ್ಕೆ ಅದು ಉತ್ತರ ಹುಡುಕುತ್ತದೆ. ಹಿಂದಕ್ಕೆ ನಡೆಯುತ್ತಾ ಮರ್ಜ್ ಸಿಕ್ಕಾಗ ಬಿಲ್.ಪೈ ಒಂದು ಪೇರೆಂಟ್‌ನಲ್ಲಿ ಇದ್ದಂತೆಯೇ ಇದ್ದರೆ, ಈಗಿನ ರೂಪಕ್ಕೆ ಆ ದಾರಿಯೊಂದೇ ಸಾಕು ಎಂದುಕೊಂಡು ಇನ್ನೊಂದು ದಾರಿಯನ್ನು ಪೂರ್ತಿ ಬಿಟ್ಟುಬಿಡುತ್ತದೆ.

ನಿಮ್ಮಲ್ಲಿ ಆಗಿರುವುದು ಇದು: ಮರ್ಜ್ ಮಾಡುವಾಗ ಬಿಲ್.ಪೈನಲ್ಲಿ ಕಾನ್ಫ್ಲಿಕ್ಟ್ ಬಂದಿದೆ, ಅಂದರೆ ಒಂದೇ ಜಾಗವನ್ನು ಎರಡೂ ಕಡೆ ಬೇರೆಬೇರೆಯಾಗಿ ತಿದ್ದಿದ್ದಾರೆ. ಯಾರೋ ಇಡೀ ಫೈಲಿಗೆ ‘ನಮ್ಮದೇ ಇರಲಿ’ ಎಂದು ಒತ್ತಿದ್ದಾರೆ, ಅಥವಾ ‘ಗಿಟ್ ಚೆಕ್‌ಔಟ್ --ಅವರ್ಸ್ ಬಿಲ್.ಪೈ’ ಕೊಟ್ಟಿದ್ದಾರೆ. ಆಗ ಮರ್ಜ್‌ನ ಬಿಲ್.ಪೈ ಮೇನ್‌ನ ಬಿಲ್.ಪೈಗೆ ಅಕ್ಷರಶಃ ಸಮ. ರೌಂಡಾಫ್ ಬ್ರ್ಯಾಂಚ್‌ನ ದಾರಿ ಲಾಗ್‌ನಿಂದ ಮಾಯ, ಅದರ ಜೊತೆ ನಿಮ್ಮ ಸಹೋದ್ಯೋಗಿಯ ಕಮಿಟ್ ಕೂಡ.

ಹುಡುಕುವ ಕ್ರಮ ಹೀಗೆ. ಮೊದಲು,

‘ಗಿಟ್ ಲಾಗ್ --ಒನ್‌ಲೈನ್ --ಫುಲ್-ಹಿಸ್ಟರಿ -- ಬಿಲ್.ಪೈ’

ಫುಲ್-ಹಿಸ್ಟರಿ ಎಂದರೆ ಯಾವ ದಾರಿಯನ್ನೂ ಬಿಡಬೇಡ ಎಂದು. ಕಳೆದುಹೋದ ಕಮಿಟ್ ಈಗ ಕಾಣುತ್ತದೆ. ಆದರೆ ಹಳೆಯ ಪ್ರಾಜೆಕ್ಟಿನಲ್ಲಿ ಸಂಬಂಧವಿಲ್ಲದ ಮರ್ಜ್‌ಗಳೂ ಸಾಲುಗಟ್ಟಿ ಬರುತ್ತವೆ. ಕಣ್ಣು ದಣಿದರೆ ಅದರ ಬದಲು ‘--ಸಿಂಪ್ಲಿಫೈ-ಮರ್ಜಸ್ --ಗ್ರಾಫ್’ ಹಾಕಿ. ಬೇಡದ ಮರ್ಜ್‌ಗಳು ಉದುರಿ, ಕವಲು ಒಡೆದ ಚಿತ್ರ ಉಳಿಯುತ್ತದೆ.

ಎರಡನೆಯದು, ನುಂಗಿದ ಮರ್ಜ್ ಯಾವುದು ಎಂದು ಹಿಡಿಯುವುದು. ಕಳೆದುಹೋದ ಸಾಲಿನಲ್ಲಿ ಬೇರೆಲ್ಲೂ ಬಾರದ ಒಂದು ತುಣುಕನ್ನು ಆರಿಸಿಕೊಳ್ಳಿ. ಅದು ‘ರೌಂಡ್_ಪೈಸೆ’ ಎಂದಿಟ್ಟುಕೊಳ್ಳೋಣ.

‘ಗಿಟ್ ಲಾಗ್ -ಎಂ -ಪಿ --ಫುಲ್-ಹಿಸ್ಟರಿ -(ದೊಡ್ಡ ಎಸ್)ರೌಂಡ್_ಪೈಸೆ -- ಬಿಲ್.ಪೈ’

ದೊಡ್ಡ ಎಸ್ ಆ ತುಣುಕು ಎಷ್ಟು ಸಲ ಇದೆ ಎಂಬ ಎಣಿಕೆ ಬದಲಾದ ಕಮಿಟ್‌ಗಳನ್ನಷ್ಟೇ ತೋರಿಸುತ್ತದೆ. ಮಾಮೂಲಿಯಾಗಿ ಅದು ಮರ್ಜ್‌ಗಳ ಒಳಗೆ ಇಣುಕುವುದಿಲ್ಲ; ಇಣುಕು ಎನ್ನುವುದೇ ‘-ಎಂ’. ಇದನ್ನು ಮರೆತು ದೊಡ್ಡ ಎಸ್ ಒಂದನ್ನೇ ಕೊಟ್ಟು, ‘ತೆಗೆದ ಕಮಿಟ್ ಇಲ್ಲವೇ ಇಲ್ಲ’ ಎಂದು ಕೈಚೆಲ್ಲುವವರು ಬಹಳ. ಈಗ ಬರುವ ಪಟ್ಟಿಯಲ್ಲಿ ಮರ್ಜ್ ಕಮಿಟ್‌ನ ಹ್ಯಾಷ್ ಪಕ್ಕ ಅದನ್ನು ಯಾವ ಪೇರೆಂಟ್‌ನ ಜೊತೆ ಹೋಲಿಸಲಾಗಿದೆ ಎಂಬುದೂ ಇರುತ್ತದೆ. ಎರಡನೇ ಪೇರೆಂಟ್‌ನಿಂದ ನೋಡಿದರೆ ಸಾಲು ಹೋಗಿದೆ, ಮೊದಲ ಪೇರೆಂಟ್‌ನಿಂದ ನೋಡಿದರೆ ಏನೂ ಬದಲಾಗಿಲ್ಲ ಎಂದಾದರೆ ಅದೇ ನೀವು ಹುಡುಕುತ್ತಿರುವ ಮರ್ಜ್.

ಮೂರನೆಯದು, ಒಳಗೆ ಏನಾಯಿತು ಎಂದು ನೋಡುವುದು. ಇಲ್ಲಿ ಅನುಭವಿಗಳೂ ಎಡವುತ್ತಾರೆ. ‘ಗಿಟ್ ಶೋ ಹ್ಯಾಷ್’ ಕೊಟ್ಟರೆ ಬಿಲ್.ಪೈ ಬಗ್ಗೆ ಒಂದಕ್ಷರವೂ ಬರುವುದಿಲ್ಲ. ಮರ್ಜ್‌ಗೆ ಅದು ತೋರಿಸುವ ಕೂಡು-ಡಿಫ್‌ನಲ್ಲಿ (ಎಲ್ಲ ಪೇರೆಂಟ್‌ಗಳ ಜೊತೆಗಿನ ವ್ಯತ್ಯಾಸಗಳ ಪಟ್ಟಿಯಲ್ಲಿ) ಎಲ್ಲ ಪೇರೆಂಟ್‌ಗಳಿಗಿಂತಲೂ ಬೇರೆಯಾದ ಫೈಲುಗಳಿಗೆ ಮಾತ್ರ ಜಾಗ. ನಿಮ್ಮ ಫೈಲು ಒಂದು ಪೇರೆಂಟ್‌ಗೆ ಸಮವಾಗಿದೆಯಲ್ಲ. ಇದಕ್ಕೆ ತಕ್ಕ ಆಜ್ಞೆ 2022ರ ಏಪ್ರಿಲ್‌ನಲ್ಲಿ ಬಂದ ಗಿಟ್ 2.36ರಿಂದ ಇದೆ:

‘ಗಿಟ್ ಶೋ --ರೀಮರ್ಜ್-ಡಿಫ್ ಹ್ಯಾಷ್’

ಗಿಟ್ ಅದೇ ಎರಡು ಪೇರೆಂಟ್‌ಗಳನ್ನು ಇನ್ನೊಮ್ಮೆ ತಾನೇ ಮರ್ಜ್ ಮಾಡಿ ನೋಡುತ್ತದೆ. ಕಾನ್ಫ್ಲಿಕ್ಟ್ ಗುರುತುಗಳು ಇದ್ದಂತೆಯೇ ಇಟ್ಟುಕೊಂಡು, ಆಗ ಮನುಷ್ಯರು ಕಮಿಟ್ ಮಾಡಿದ ಫಲಿತಾಂಶದ ಜೊತೆ ಹೋಲಿಸುತ್ತದೆ. ಕಾನ್ಫ್ಲಿಕ್ಟ್‌ನ ಎರಡು ಬದಿಗಳಲ್ಲಿ ಯಾವುದನ್ನು ಉಳಿಸಿದರು, ಯಾವುದನ್ನು ಬಿಸಾಡಿದರು ಎಂಬುದು ಮೈನಸ್ ಸಾಲುಗಳಲ್ಲಿ ಎದ್ದು ಕಾಣುತ್ತದೆ. ಮರ್ಜ್‌ನ ತಪ್ಪು ಹುಡುಕಲು ಇದಕ್ಕಿಂತ ಒಳ್ಳೆಯ ಸಾಧನ ಗಿಟ್‌ನಲ್ಲಿಲ್ಲ. ಹಳೆಯ ಗಿಟ್ ಇದ್ದರೆ ‘ಗಿಟ್ ಡಿಫ್ ಹ್ಯಾಷ್^2 ಹ್ಯಾಷ್ -- ಬಿಲ್.ಪೈ’ ಕೊಟ್ಟು ಓದಿಕೊಳ್ಳಿ.

ಇನ್ನು ಸಾಲನ್ನು ಮರಳಿ ತರುವುದು. ರೌಂಡಾಫ್ ಬ್ರ್ಯಾಂಚನ್ನು ಮತ್ತೆ ಮರ್ಜ್ ಮಾಡಲು ಹೋದರೆ ಎಲ್ಲ ಆಗಿದೆ ಎಂಬ ಉತ್ತರ ಬರುತ್ತದೆ, ಏಕೆಂದರೆ ಆ ಕಮಿಟ್‌ಗಳು ಈಗಾಗಲೇ ಮೇನ್‌ನ ಪೂರ್ವಜರು. ಒಂದು ಕಮಿಟ್‌ನ ಬದಲಾವಣೆಯನ್ನಷ್ಟೇ ಮತ್ತೆ ಹಾಕುವ ‘ಗಿಟ್ ಚೆರಿ-ಪಿಕ್’ಗೆ ಸರಿಪಡಿಸಿದ ಕಮಿಟ್‌ನ ಹ್ಯಾಷ್ ಕೊಡಿ. ಅದೇ ಜಾಗದಲ್ಲಿ ಕಾನ್ಫ್ಲಿಕ್ಟ್ ಮತ್ತೆ ಬರಬಹುದು. ಈ ಸಲ ಎರಡೂ ಬದಿಯನ್ನು ಓದಿ ಬಿಡಿಸಿ. ನಿಮ್ಮಲ್ಲಿ ‘ರೆರೆರೆ’ ಚಾಲೂ ಇದ್ದರೆ ಎಚ್ಚರ: ಹಿಂದೆ ಬಿಡಿಸಿದ ತಪ್ಪು ಉತ್ತರವನ್ನೇ ಅದು ನೆನಪಿಟ್ಟುಕೊಂಡು ಸದ್ದಿಲ್ಲದೆ ಮತ್ತೆ ಹಾಕಿಬಿಡುತ್ತದೆ. ಕಾನ್ಫ್ಲಿಕ್ಟ್ ಇರುವಾಗಲೇ ‘ಗಿಟ್ ರೆರೆರೆ ಫರ್ಗೆಟ್ ಬಿಲ್.ಪೈ’ ಕೊಟ್ಟು ಆ ನೆನಪನ್ನು ಅಳಿಸಿ.

ಮುಂದೆ ಹೀಗಾಗದಿರಲು ಒಂದು ವ್ಯತ್ಯಾಸವನ್ನು ತಂಡದ ಎಲ್ಲರೂ ತಿಳಿದಿರಬೇಕು. ‘ಗಿಟ್ ಚೆಕ್‌ಔಟ್ --ಅವರ್ಸ್’ ಇಡೀ ಫೈಲನ್ನು ನಮ್ಮ ಕಡೆಯದಾಗಿ ಮಾಡುತ್ತದೆ, ಕಾನ್ಫ್ಲಿಕ್ಟ್ ಇಲ್ಲದೆ ಸರಾಗವಾಗಿ ಸೇರಿದ್ದ ಸಾಲುಗಳನ್ನೂ ಬಿಸಾಡುತ್ತದೆ. ‘ಗಿಟ್ ಮರ್ಜ್ -(ದೊಡ್ಡ ಎಕ್ಸ್) ಅವರ್ಸ್’ ಕಾನ್ಫ್ಲಿಕ್ಟ್ ಆದ ತುಂಡಿನಲ್ಲಿ ಮಾತ್ರ ನಮ್ಮದನ್ನು ಇಟ್ಟು ಉಳಿದದ್ದನ್ನು ಸೇರಿಸುತ್ತದೆ. ‘ಗಿಟ್ ಮರ್ಜ್ -ಎಸ್ ಅವರ್ಸ್’ ಅಂತೂ ಇನ್ನೊಂದು ಬ್ರ್ಯಾಂಚ್‌ನಿಂದ ಒಂದು ಸಾಲನ್ನೂ ತಾರದೆ ಮರ್ಜ್ ಆಯಿತು ಎಂದು ದಾಖಲಿಸುತ್ತದೆ. ರೀಬೇಸ್ ಮಾಡುವಾಗ (ಕಮಿಟ್‌ಗಳನ್ನು ಬೇರೆ ಬುಡದ ಮೇಲೆ ಮತ್ತೆ ಜೋಡಿಸುವಾಗ) ‘ನಮ್ಮದು’, ‘ಅವರದು’ ಅದಲುಬದಲು ಎಂಬುದನ್ನೂ ಮರೆಯಬೇಡಿ.

ಪ್ರಶ್ನೆ: ಟ್ಯಾಕ್ಸ್.ಪೈ ಫೈಲನ್ನು ಒಂದು ಬ್ರ್ಯಾಂಚ್‌ನಲ್ಲಿ ಜಿಎಸ್‌ಟಿ.ಪೈ ಎಂದು ಬದಲಿಸಿದೆವು. ಅದೇ ಹೊತ್ತಿಗೆ ಇನ್ನೊಂದು ಬ್ರ್ಯಾಂಚ್‌ನಲ್ಲಿ ಹಳೆಯ ಹೆಸರಿನಲ್ಲೇ ಕೆಲಸ ನಡೆದಿತ್ತು. ಮರ್ಜ್ ಚೆನ್ನಾಗಿಯೇ ಆಯಿತು. ಆದರೆ ‘ಗಿಟ್ ಲಾಗ್ --ಫಾಲೋ ಜಿಎಸ್‌ಟಿ.ಪೈ’ ಕೊಟ್ಟರೆ ಆ ಇನ್ನೊಂದು ಬ್ರ್ಯಾಂಚ್‌ನ ಕಮಿಟ್‌ಗಳು ಬರುವುದಿಲ್ಲ. ಫಾಲೋ ಎಂದರೆ ಹೆಸರು ಬದಲಾದರೂ ಬೆನ್ನು ಹತ್ತುವುದು ಅಲ್ಲವೇ?
(ಮೈಸೂರಿನ ಓದುಗರು)

ಉತ್ತರ: ಹೌದು, ಆದರೆ ಫಾಲೋ ಒಂದು ಹೊತ್ತಿಗೆ ಒಂದೇ ಹೆಸರನ್ನು ಹಿಡಿದುಕೊಳ್ಳಬಲ್ಲದು. ಹೊಸದರಿಂದ ಹಳೆಯದಕ್ಕೆ ಬರುತ್ತಾ ಹೆಸರು ಬದಲಾದ ಕಮಿಟ್ ಸಿಗುವವರೆಗೆ ಜಿಎಸ್‌ಟಿ.ಪೈ ಎಂದೇ ಹುಡುಕುತ್ತದೆ. ಸಿಕ್ಕ ಕ್ಷಣದಿಂದ ಎಲ್ಲ ದಾರಿಗಳಲ್ಲೂ ಟ್ಯಾಕ್ಸ್.ಪೈ ಎಂದು ಹುಡುಕತೊಡಗುತ್ತದೆ. ಅಷ್ಟರಲ್ಲಿ ಪಕ್ಕದ ಬ್ರ್ಯಾಂಚ್‌ನಲ್ಲಿ ಟ್ಯಾಕ್ಸ್.ಪೈ ಎಂದೇ ಬದಲಾದ ಹೊಸ ಕಮಿಟ್‌ಗಳನ್ನು ಅದು ದಾಟಿಬಿಟ್ಟಿರುತ್ತದೆ. ಕವಲಿಲ್ಲದ ಚರಿತ್ರೆಗೆ ಫಾಲೋ ಸಾಕು. ಮರ್ಜ್ ಇರುವಲ್ಲಿ ಅದನ್ನು ನಂಬಬೇಡಿ.

ಎರಡೂ ಹೆಸರುಗಳನ್ನು ನೀವೇ ಕೊಡಿ:

‘ಗಿಟ್ ಲಾಗ್ --ಫುಲ್-ಹಿಸ್ಟರಿ --ಒನ್‌ಲೈನ್ -- ಟ್ಯಾಕ್ಸ್.ಪೈ ಜಿಎಸ್‌ಟಿ.ಪೈ’

ನಡುವಿನ ಎರಡು ಅಡ್ಡಗೆರೆ ಬಿಡಬಾರದು. ಟ್ಯಾಕ್ಸ್.ಪೈ ಈಗ ಡಿಸ್ಕ್‌ನಲ್ಲಿ ಇಲ್ಲವಾದ್ದರಿಂದ, ಅದು ಫೈಲೋ ಬ್ರ್ಯಾಂಚೋ ತಿಳಿಯದೆ ಗಿಟ್ ತಗಾದೆ ತೆಗೆಯುತ್ತದೆ. ಹಳೆಯ ಹೆಸರುಗಳು ನೆನಪಿಲ್ಲದಿದ್ದರೆ ‘ಗಿಟ್ ಲಾಗ್ -(ದೊಡ್ಡ ಎಂ) --ಡಿಫ್-ಫಿಲ್ಟರ್=(ದೊಡ್ಡ ಆರ್) --ನೇಮ್-ಸ್ಟೇಟಸ್’ ಕೊಟ್ಟರೆ ಹೆಸರು ಬದಲಾದ ಫೈಲುಗಳಷ್ಟೇ ಬರುತ್ತವೆ. ದೊಡ್ಡ ಆರ್ ಪಕ್ಕದ ಸಂಖ್ಯೆ, ಉದಾಹರಣೆಗೆ 087, ಎರಡು ಫೈಲುಗಳು ಶೇ. 87ರಷ್ಟು ಹೋಲುತ್ತವೆ ಎಂಬ ಲೆಕ್ಕ.

ಆ ಲೆಕ್ಕವೇ ಮುಖ್ಯ. ‘ಗಿಟ್ ಎಂವಿ’ ಕೊಟ್ಟರೂ ಹೆಸರು ಬದಲಾಯಿತು ಎಂದು ಗಿಟ್ ಎಲ್ಲೂ ಬರೆದಿಡುವುದಿಲ್ಲ. ಒಂದು ಫೈಲು ಹೋಗಿದೆ, ಇನ್ನೊಂದು ಬಂದಿದೆ, ಎರಡೂ ಶೇ. 50ಕ್ಕೆ ಕಡಿಮೆಯಿಲ್ಲದಂತೆ ಹೋಲುತ್ತವೆ ಎಂದರೆ ಹೆಸರು ಬದಲಾಗಿದೆ ಎಂದು ಊಹಿಸುತ್ತದೆ. ಹೋಲಿಕೆಯನ್ನು ಎರಡರಲ್ಲಿ ದೊಡ್ಡ ಫೈಲಿನ ಗಾತ್ರಕ್ಕೆ ಭಾಗಿಸುತ್ತಾರೆ. ಆದ್ದರಿಂದ 100 ಸಾಲಿನ ಫೈಲಿನ ಹೆಸರು ಬದಲಿಸಿ, ಒಂದು ಸಾಲೂ ಅಳಿಸದೆ ಅಷ್ಟೇ ಉದ್ದದ 150 ಸಾಲು ಹೊಸದಾಗಿ ಸೇರಿಸಿದರೂ ಹೋಲಿಕೆ ಶೇ. 40ಕ್ಕೆ ಇಳಿಯುತ್ತದೆ, ಚರಿತ್ರೆ ತುಂಡಾಗುತ್ತದೆ. ಹೆಸರು ಬದಲಿಸುವುದು ಒಂದು ಕಮಿಟ್, ಒಳಗಿನ ತಿದ್ದುಪಡಿ ಇನ್ನೊಂದು ಕಮಿಟ್: ಇದನ್ನು ನಿಯಮವಾಗಿಯೇ ಇಟ್ಟುಕೊಳ್ಳಿ.

ಮರ್ಜ್ ಮಾಡುವಾಗ ಗಿಟ್ ನೋಡುವುದು ನಡುವಿನ ಕಮಿಟ್‌ಗಳನ್ನಲ್ಲ. ಬ್ರ್ಯಾಂಚ್‌ಗಳು ಕವಲೊಡೆದ ಜಾಗವನ್ನೂ ಎರಡು ತುದಿಗಳನ್ನೂ ಮಾತ್ರ. ಅಲ್ಲಿ ಹೋಲಿಕೆ ಸಿಗದಿದ್ದರೆ, ಒಂದು ಕಡೆ ಅಳಿಸಲಾಗಿದೆ, ಇನ್ನೊಂದು ಕಡೆ ತಿದ್ದಲಾಗಿದೆ ಎಂಬ ಕಾನ್ಫ್ಲಿಕ್ಟ್ ಬರುತ್ತದೆ. ಆಗ ಹಳೆಯ ಫೈಲನ್ನು ಅಳಿಸಿ ಮುಂದೆ ಹೋದರೆ ಆ ಬ್ರ್ಯಾಂಚ್‌ನ ತಿದ್ದುಪಡಿಗಳೆಲ್ಲ ನೀರುಪಾಲು. ‘ಗಿಟ್ ಮರ್ಜ್ --ಅಬಾರ್ಟ್’ ಮಾಡಿ, ‘-(ದೊಡ್ಡ ಎಕ್ಸ್) ಫೈಂಡ್-ರಿನೇಮ್ಸ್=30%’ ಸೇರಿಸಿ ಮತ್ತೆ ಮರ್ಜ್ ಮಾಡಿ. ಒಮ್ಮೆಗೇ ಸಾವಿರಾರು ಫೈಲುಗಳನ್ನು ಸರಿಸಿದ್ದರೆ ಇನ್ನೊಂದು ಮಿತಿಯೂ ಅಡ್ಡ ಬರುತ್ತದೆ: ಈಗಿನ ಗಿಟ್‌ನಲ್ಲಿ ‘ಡಿಫ್.ರಿನೇಮ್‌ಲಿಮಿಟ್’ 1000, ‘ಮರ್ಜ್.ರಿನೇಮ್‌ಲಿಮಿಟ್’ 7000. ಇದನ್ನು ಮೀರಿದರೆ ಗಿಟ್ ಎಚ್ಚರಿಕೆ ಕೊಟ್ಟು ಹೋಲಿಕೆ ಹುಡುಕುವುದನ್ನು ಕೈಬಿಡುತ್ತದೆ. ಒಳಗೆ ಒಂದಕ್ಷರವೂ ಬದಲಾಗದೆ ಸರಿದ ಫೈಲುಗಳಿಗೆ ಮಾತ್ರ ಈ ಮಿತಿಯಿಲ್ಲ.

ಪ್ರಶ್ನೆ: 3000 ಸಾಲಿನ ಬಿಲ್.ಪೈಯನ್ನು ಎರಡು ಮಾಡಿ, ಮುದ್ರಣದ ಭಾಗವನ್ನು ಪ್ರಿಂಟ್.ಪೈಗೆ ಹಾಕಬೇಕು. ಯಾವ ಸಾಲು ಯಾರದು ಎಂದು ತೋರಿಸುವ ಬ್ಲೇಮ್‌ನಲ್ಲಿ ಎಲ್ಲ ಸಾಲೂ ನನ್ನ ಹೆಸರಿಗೆ ಬರದಂತೆ ಮಾಡಬಹುದೇ?
(ಬೆಂಗಳೂರಿನ ಓದುಗರು)

ಉತ್ತರ: ಟರ್ಮಿನಲ್‌ನಲ್ಲಿ ನೋಡುವುದಷ್ಟೇ ಆದರೆ ಏನೂ ಮಾಡಬೇಕಿಲ್ಲ. ಕತ್ತರಿಸಿ ಅಂಟಿಸಿ, ಕಮಿಟ್ ಮಾಡಿ, ‘ಗಿಟ್ ಬ್ಲೇಮ್ -(ದೊಡ್ಡ ಸಿ) -(ದೊಡ್ಡ ಸಿ) ಪ್ರಿಂಟ್.ಪೈ’ ಎಂದು ಕೇಳಿ. ಒಂದು ದೊಡ್ಡ ಸಿ ಇದ್ದರೆ ಅದೇ ಕಮಿಟ್‌ನಲ್ಲಿ ಬದಲಾದ ಫೈಲುಗಳಲ್ಲಿ ಸಾಲಿನ ಮೂಲ ಹುಡುಕುತ್ತದೆ. ಎರಡಿದ್ದರೆ, ಫೈಲು ಹುಟ್ಟಿದ ಕಮಿಟ್‌ನ ಮಟ್ಟಿಗೆ ಉಳಿದ ಫೈಲುಗಳಲ್ಲೂ ಹುಡುಕುತ್ತದೆ. ಅಂಕಿ, ಅಕ್ಷರ ಸೇರಿ 40ಕ್ಕಿಂತ ಚಿಕ್ಕದಾದ ತುಂಡನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಆದರೆ ಬ್ರೌಸರ್‌ನಲ್ಲಿ ಬ್ಲೇಮ್ ನೋಡುವವರಿಗೆ ಈ ಆಯ್ಕೆ ಸಿಗುವುದಿಲ್ಲ. ಅವರಿಗೂ ಸರಿಯಾಗಿ ಕಾಣಬೇಕಾದರೆ ಮರ್ಜ್‌ನ ಗುಣವನ್ನೇ ಬಳಸಿಕೊಳ್ಳಬೇಕು:

1. ‘ಗಿಟ್ ಚೆಕ್‌ಔಟ್ -ಬಿ ಸ್ಪ್ಲಿಟ್’
2. ‘ಗಿಟ್ ಎಂವಿ ಬಿಲ್.ಪೈ ಪ್ರಿಂಟ್.ಪೈ’, ಬೇರೇನೂ ಮುಟ್ಟದೆ ಕಮಿಟ್.
3. ‘ಗಿಟ್ ಚೆಕ್‌ಔಟ್ (ದೊಡ್ಡಕ್ಷರದ ಹೆಡ್)~ -- ಬಿಲ್.ಪೈ’, ಮತ್ತೆ ಕಮಿಟ್. ಈಗ ಎರಡೂ ಹೆಸರಿನಲ್ಲಿ ಪೂರ್ತಿ ಫೈಲು ಇದೆ.
4. ‘ಗಿಟ್ ಚೆಕ್‌ಔಟ್ ಮೇನ್’, ನಂತರ ‘ಗಿಟ್ ಮರ್ಜ್ --ನೋ-ಎಫ್‌ಎಫ್ ಸ್ಪ್ಲಿಟ್’
5. ಈಗ ಎರಡೂ ಫೈಲುಗಳಿಂದ ಬೇಡದ ಸಾಲುಗಳನ್ನು ಅಳಿಸಿ, ಇನ್ನೊಂದು ಕಮಿಟ್.

ಬಿಲ್.ಪೈ ಬಗ್ಗೆ ಕೇಳಿದರೆ ಬ್ಲೇಮ್ ಮರ್ಜ್‌ನ ಮೊದಲ ಪೇರೆಂಟ್‌ನಲ್ಲಿ ಅದೇ ಫೈಲನ್ನು ಕಂಡು ಹಳೆಯ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಪ್ರಿಂಟ್.ಪೈ ಮೊದಲ ಪೇರೆಂಟ್‌ನಲ್ಲಿ ಇಲ್ಲ. ಹಾಗಾಗಿ ಎರಡನೆಯದಕ್ಕೆ ಇಳಿದು, ಎರಡನೇ ಹಂತದ ಹೆಸರು ಬದಲಾವಣೆಯನ್ನು ಕಂಡು, ಅದರ ಬೆನ್ನು ಹಿಡಿದು ಹಳೆಯ ಬಿಲ್.ಪೈಗೆ ತಲುಪುತ್ತದೆ. ‘ನೋ-ಎಫ್‌ಎಫ್’ ಮರೆತರೆ ಮರ್ಜ್ ಕಮಿಟ್ಟೇ ಹುಟ್ಟುವುದಿಲ್ಲ, ಬಿಲ್.ಪೈನ ಎಲ್ಲ ಸಾಲೂ ಮೂರನೇ ಹಂತದ ಕಮಿಟ್‌ಗೆ ಬಂದು ನಿಲ್ಲುತ್ತದೆ. ಇದನ್ನು ಸ್ಕ್ವಾಷ್ ಮಾಡಿದರೂ (ಎಲ್ಲ ಕಮಿಟ್‌ಗಳನ್ನು ಒಂದಾಗಿಸಿದರೂ) ಸಾಮಾನ್ಯ ರೀಬೇಸ್ ಮಾಡಿದರೂ ಶ್ರಮವೆಲ್ಲ ವ್ಯರ್ಥ. ಎರಡನೇ ಹಂತದ ಕಮಿಟ್‌ನಲ್ಲಿ ಪ್ರೋಗ್ರಾಂ ಓಡುವುದಿಲ್ಲ, ಆದ್ದರಿಂದ ಬೈಸೆಕ್ಟ್ ಮಾಡುವಾಗ (ತಪ್ಪು ತಂದ ಕಮಿಟ್ಟನ್ನು ಅರ್ಧರ್ಧ ಮಾಡುತ್ತಾ ಹುಡುಕುವಾಗ) ಅಲ್ಲಿಗೆ ಬಂದರೆ ‘ಗಿಟ್ ಬೈಸೆಕ್ಟ್ ಸ್ಕಿಪ್’ ಕೊಡಿ.

ಪ್ರಶ್ನೆ: ನಾವು ಕನ್ನಡ ಪಠ್ಯಗಳನ್ನು ಗಿಟ್‌ನಲ್ಲಿ ಇಟ್ಟಿದ್ದೇವೆ, ಫೈಲಿನ ಹೆಸರುಗಳೂ ಕನ್ನಡದಲ್ಲೇ. ಲಾಗ್‌ನಲ್ಲಿ ಹೆಸರಿನ ಬದಲು ಬರೀ ಅಂಕಿಗಳು ಬರುತ್ತವೆ. ಮರ್ಜ್ ಆದ ಮೇಲೆ ‘ಕೋಶ’ ಎಂಬ ಒಂದೇ ಹೆಸರಿನ ಎರಡು ಫೈಲುಗಳು ಕಂಡವು. ಒಂದು ಪದ ತಿದ್ದಿದರೆ ಇಡೀ ಪ್ಯಾರಾ ಬದಲಾಗಿದೆ ಎನ್ನುತ್ತದೆ. ಕನ್ನಡಕ್ಕೆ ಗಿಟ್ ಹೊಂದುವುದಿಲ್ಲವೇ?
(ಶಿವಮೊಗ್ಗದ ಓದುಗರು)

ಉತ್ತರ: ಚೆನ್ನಾಗಿಯೇ ಹೊಂದುತ್ತದೆ, ಮೂರು ಸಂಗತಿ ಸರಿಪಡಿಸಿಕೊಂಡರೆ.

ಅಂಕಿಗಳ ಕಾಟಕ್ಕೆ ‘ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಕೋಟ್‌ಪಾಥ್ ಫಾಲ್ಸ್’ ಒಂದೇ ಸಾಕು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಗಿಟ್ ಅವನ್ನು ಎಂಟರ ಮಾನದಲ್ಲಿ ಬಿಡಿಸಿ ತೋರಿಸುತ್ತದೆ: ‘ಕ’ ಎಂದರೆ \340\262\225. ಮೇಲಿನ ಆಜ್ಞೆ ಕೊಟ್ಟರೆ ಅಕ್ಷರವೇ ಕಾಣುತ್ತದೆ.

ಆದರೆ ಎರಡು ‘ಕೋಶ’ಗಳ ಗುಟ್ಟು ಬಯಲಾಗುವುದು ಆ ಅಂಕಿಗಳಿಂದಲೇ. ‘ಗಿಟ್ -ಸಿ ಕೋರ್.ಕೋಟ್‌ಪಾಥ್=ಟ್ರೂ ಎಲ್‌ಎಸ್-ಫೈಲ್ಸ್’ ಕೊಟ್ಟು ನೋಡಿ. ಒಂದರಲ್ಲಿ ‘ಕ’ ಆದ ಮೇಲೆ \340\263\213 ಎಂದಿರುತ್ತದೆ. ಅದು ‘ೋ’ ಚಿಹ್ನೆಗೆ ಇರುವ ಒಂದೇ ಸಂಕೇತ. ಇನ್ನೊಂದರಲ್ಲಿ ಅದರ ಜಾಗದಲ್ಲಿ ಮೂರು ಸಂಕೇತಗಳಿರುತ್ತವೆ: \340\263\206, \340\263\202, \340\263\225. ಎತ್ವ, ದೀರ್ಘ ಊಕಾರದ ಕೊಂಬು, ದೀರ್ಘದ ಗುರುತು, ಮೂರೂ ಬಿಡಿಬಿಡಿಯಾಗಿ. ಕಣ್ಣಿಗೆ ಎರಡೂ ‘ಕೋ’, ಗಿಟ್‌ಗೆ ಎರಡು ಬೇರೆ ಹೆಸರು. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಮ್ಯಾಕ್ ಬಳಸುವವರೆಲ್ಲ ‘ಕೋರ್.ಪ್ರೀಕಂಪೋಸ್‌ಯೂನಿಕೋಡ್’ ಟ್ರೂ ಇದೆಯೇ ನೋಡಿಕೊಳ್ಳಿ. ಎರಡು ಫೈಲುಗಳ ಒಳಗಿನ ಪಠ್ಯವನ್ನು ಹೋಲಿಸಿ ಒಂದಕ್ಕೆ ಸೇರಿಸಿ, ಬಿಡಿಸಿದ ಹೆಸರಿನದನ್ನು ‘ಗಿಟ್ ಆರ್‌ಎಂ’ ಮಾಡಿ. ಇದನ್ನು ಲಿನಕ್ಸ್ ಯಂತ್ರದಲ್ಲಿ ಮಾಡಿದರೆ ಗೊಂದಲವಿಲ್ಲ. ‘ೀ’, ‘ೇ’, ‘ೈ’, ‘ೊ’ ಚಿಹ್ನೆಗಳಿಗೂ ಇದೇ ತೊಂದರೆ ಇದೆ. ಈ ಸೆಟ್ಟಿಂಗ್ ಫೈಲಿನ ಹೆಸರಿಗೆ ಮಾತ್ರ. ಪಠ್ಯದ ಒಳಗೆ ಇಂಥ ಬೆರಕೆ ಇದ್ದರೆ, ಸಾಲು ಒಂದೇ ರೀತಿ ಕಂಡರೂ ಡಿಫ್ ಬೇರೆ ಎನ್ನುತ್ತದೆ. ಕಮಿಟ್‌ಗೆ ಮುಂಚೆ ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ (ಚಿಹ್ನೆಗಳು ಬಿಡಿಯಾಗದೆ ಕೂಡಿರುವ ಯೂನಿಕೋಡ್ ರೂಪಕ್ಕೆ) ತಂದುಕೊಳ್ಳಿ.

ಮೂರನೆಯದು ಪ್ಯಾರಾ. ಗಿಟ್ ನೋಡುವುದು ಸಾಲುಗಳನ್ನು. ಇಡೀ ಪ್ಯಾರಾವನ್ನು ಎಂಟರ್ ಒತ್ತದೆ ಬರೆದಿದ್ದರೆ ಗಿಟ್‌ಗೆ ಅದು ಒಂದೇ ಸಾಲು. ಒಂದು ಅಲ್ಪವಿರಾಮ ತಿದ್ದಿದವರ ಹೆಸರಿಗೆ ಬ್ಲೇಮ್‌ನಲ್ಲಿ ಇಡೀ ಪ್ಯಾರಾ ಬರುತ್ತದೆ. ಇಬ್ಬರು ಬೇರೆ ಬೇರೆ ವಾಕ್ಯ ತಿದ್ದಿದರೂ ಮರ್ಜ್‌ನಲ್ಲಿ ಕಾನ್ಫ್ಲಿಕ್ಟ್. ಹೆಸರು ಬದಲಾವಣೆಯ ಹೋಲಿಕೆಗೂ ಇದರಿಂದ ಪೆಟ್ಟು. ಗಿಟ್ ಫೈಲನ್ನು ಸಾಲಿಗೊಂದು ತುಂಡಾಗಿ, ಸಾಲು ಉದ್ದವಿದ್ದರೆ 64 ಬೈಟ್‌ಗೊಂದು ತುಂಡಾಗಿ ಕತ್ತರಿಸಿ ಹೋಲಿಸುತ್ತದೆ. ಕನ್ನಡದಲ್ಲಿ 64 ಬೈಟ್ ಎಂದರೆ ಸುಮಾರು 21 ಸಂಕೇತ, ಅಂದರೆ ಎರಡು-ಮೂರು ಪದ. ಉದ್ದ ಪ್ಯಾರಾದ ಮೊದಲಿಗೆ ಒಂದು ಪದ ಸೇರಿಸಿದರೆ ಮುಂದಿನ ತುಂಡುಗಳೆಲ್ಲ ಜರುಗಿ, ಒಂದೂ ಹೊಂದುವುದಿಲ್ಲ. ಪರಿಹಾರ ಸರಳ: ವಾಕ್ಯಕ್ಕೊಂದು ಸಾಲು. ಮಾರ್ಕ್‌ಡೌನ್‌ನಲ್ಲೂ ಲೇಟೆಕ್‌ನಲ್ಲೂ ಒಂದು ಎಂಟರ್‌ನಿಂದ ಪ್ಯಾರಾ ಒಡೆಯುವುದಿಲ್ಲ. ಈಗಾಗಲೇ ಇರುವ ಪಠ್ಯಕ್ಕೆ ‘ಗಿಟ್ ಲಾಗ್ -ಪಿ --ವರ್ಡ್-ಡಿಫ್’ ಬಳಸಿ. ಅದು ಪದಗಳನ್ನು ಖಾಲಿ ಜಾಗದಲ್ಲಿ ಒಡೆಯುವುದರಿಂದ ಕನ್ನಡಕ್ಕೆ ಸಲೀಸು.

ಪ್ರಶ್ನೆ: ಒಂದು ಮರ್ಜ್ ಕೈಕೊಟ್ಟಿತೆಂದು ರಿವರ್ಟ್ ಮಾಡಿದೆವು. ಬ್ರ್ಯಾಂಚ್‌ನಲ್ಲಿ ತಪ್ಪು ತಿದ್ದಿ ಮತ್ತೆ ಮರ್ಜ್ ಮಾಡಿದರೆ ಹೊಸ ತಿದ್ದುಪಡಿ ಮಾತ್ರ ಬಂತು, ಹಳೆಯ ಕೆಲಸ ಬರಲಿಲ್ಲ.
(ಮಂಗಳೂರಿನ ಓದುಗರು)

ಉತ್ತರ: ‘ಗಿಟ್ ರಿವರ್ಟ್ -ಎಂ 1 ಹ್ಯಾಷ್’ ಮರ್ಜ್ ತಂದ ಸಾಲುಗಳನ್ನು ತೆಗೆಯುತ್ತದೆ, ಮರ್ಜ್ ಆಗಿದೆ ಎಂಬ ಸಂಬಂಧವನ್ನು ತೆಗೆಯುವುದಿಲ್ಲ. ಹಳೆಯ ಕಮಿಟ್‌ಗಳು ಆಗಲೇ ಮೇನ್‌ನ ಪೂರ್ವಜರಾಗಿರುವುದರಿಂದ ಎರಡನೇ ಮರ್ಜ್ ಅವನ್ನು ಮತ್ತೆ ತರುವುದಿಲ್ಲ. ಮೊದಲು ರಿವರ್ಟ್ ಕಮಿಟ್ಟನ್ನೇ ರಿವರ್ಟ್ ಮಾಡಿ, ಆಮೇಲೆ ಬ್ರ್ಯಾಂಚ್ ಮರ್ಜ್ ಮಾಡಬೇಕಿತ್ತು. ಈಗ ಮಾಡಿದರೂ ಕೆಲಸವಾಗುತ್ತದೆ. ಹೊಸ ತಿದ್ದುಪಡಿಯ ಜಾಗದಲ್ಲಿ ಕಾನ್ಫ್ಲಿಕ್ಟ್ ಬಂದರೆ ಕೈಯಿಂದ ಬಿಡಿಸಿ. ರಿವರ್ಟ್‌ನ ಸಂದೇಶದಲ್ಲೇ ‘ಮುಂದೆ ಈ ಬ್ರ್ಯಾಂಚ್ ಸೇರಿಸುವ ಮುನ್ನ ಇದನ್ನು ರಿವರ್ಟ್ ಮಾಡಿ’ ಎಂದು ಬರೆದಿಟ್ಟರೆ ಬಹಳ ಉಪಕಾರ. ಆರು ತಿಂಗಳ ನಂತರ ಮರ್ಜ್ ಮಾಡುವವರಿಗೆ ಇದನ್ನು ತಿಳಿಸಲು ಬೇರೆ ದಾರಿಯಿಲ್ಲ.

ಪ್ರಶ್ನೆ: ಒಂದು ಕಮಿಟ್ ಯಾವ ಮರ್ಜ್ ಮೂಲಕ ಮೇನ್‌ಗೆ ಬಂತು ಎಂದು ತಿಳಿಯುವುದು ಹೇಗೆ? ಸ್ಕ್ವಾಷ್ ಆಗಿದ್ದರೆ?
(ಬೆಳಗಾವಿಯ ಓದುಗರು)

ಉತ್ತರ: ‘ಗಿಟ್ ನೇಮ್-ರೆವ್ --ರೆಫ್ಸ್=ಮೇನ್ ಹ್ಯಾಷ್’ ಕೊಡಿ. ‘ಮೇನ್~15^2~3’ ಎಂದು ಬಂದರೆ, ಮೊದಲ ^2ಕ್ಕಿಂತ ಹಿಂದಿರುವ ‘ಮೇನ್~15’ ನೀವು ಹುಡುಕುವ ಮರ್ಜ್. ಬ್ರ್ಯಾಂಚ್ ಹಲವು ಸಲ ಮರ್ಜ್ ಆಗಿದ್ದರೆ ಇದು ಹತ್ತಿರದ ದಾರಿಯನ್ನಷ್ಟೇ ಹೇಳಬಹುದು. ಆಗ ‘ಗಿಟ್ ಲಾಗ್ --ಮರ್ಜಸ್ --ಆನ್ಸೆಸ್ಟ್ರಿ-ಪಾಥ್ --ರಿವರ್ಸ್ --ಒನ್‌ಲೈನ್ ಹ್ಯಾಷ್..ಮೇನ್’ ಕೊಟ್ಟು ಮೇಲಿನಿಂದ ಓದಿ. ಬ್ರ್ಯಾಂಚ್‌ನ ಒಳಗೇ ನಡೆದ ಮರ್ಜ್‌ಗಳೂ ಅದರಲ್ಲಿರುತ್ತವೆ, ಅವನ್ನು ಬಿಡಿ.

ಸ್ಕ್ವಾಷ್ ಆಗಿದ್ದರೆ ಮರ್ಜ್ ಕಮಿಟ್ ಇರುವುದೇ ಇಲ್ಲ. ಒಂದು ಪೇರೆಂಟ್‌ನ ಮಾಮೂಲಿ ಕಮಿಟ್ ಮಾತ್ರ, ಬ್ರ್ಯಾಂಚ್‌ಗೂ ಅದಕ್ಕೂ ಗಿಟ್ ಮಟ್ಟದಲ್ಲಿ ಯಾವ ನಂಟೂ ಇಲ್ಲ. ಗಿಟ್‌ಹಬ್‌ನಲ್ಲಿದ್ದರೆ ಆಸೆ ಬಿಡಬೇಕಿಲ್ಲ. ಬ್ರ್ಯಾಂಚ್ ಅಳಿಸಿದ್ದರೂ ‘ಗಿಟ್ ಫೆಚ್ ಒರಿಜಿನ್ ಪುಲ್/123/ಹೆಡ್:ಪಿಆರ್123’ ಎಂದು ಪುಲ್ ರಿಕ್ವೆಸ್ಟ್ (ಮರ್ಜ್ ಮಾಡಲು ಕೋರಿಕೆ) ಸಂಖ್ಯೆ ಹಾಕಿದರೆ ಮೂಲ ಕಮಿಟ್‌ಗಳು ಬರುತ್ತವೆ. ಇಲ್ಲಿ ‘ಹೆಡ್’ ಸಣ್ಣಕ್ಷರದಲ್ಲಿ. ಗಿಟ್‌ಲ್ಯಾಬ್‌ನಲ್ಲಿ ‘ಪುಲ್’ ಬದಲು ‘ಮರ್ಜ್-ರಿಕ್ವೆಸ್ಟ್ಸ್’. ದಿನಕ್ಕೊಂದು ಸಣ್ಣ ತಿದ್ದುಪಡಿಗೆ ಸ್ಕ್ವಾಷ್ ಸರಿ. ಫೈಲು ಸರಿಸಿ ಒಳಗೂ ತಿದ್ದಿದ ಬ್ರ್ಯಾಂಚನ್ನು ಸ್ಕ್ವಾಷ್ ಮಾಡಬೇಡಿ: ಬೇರೆ ಬೇರೆ ಇಟ್ಟ ಎರಡು ಕಮಿಟ್ ಒಂದಾಗಿ, ಹೋಲಿಕೆ ಶೇ. 50ರ ಕೆಳಗೆ ಬೀಳಬಹುದು.

ಪ್ರಶ್ನೆ: ಕೋಡ್‌ನ ಸಾಲುಗಳನ್ನು ಒಪ್ಪಗೊಳಿಸುವ ಫಾರ್ಮ್ಯಾಟರ್ ಓಡಿಸಿದ ಮೇಲೆ ಬ್ಲೇಮ್ ಪೂರ್ತಿ ಕೆಟ್ಟಿದೆ.
(ದಾವಣಗೆರೆಯ ಓದುಗರು)

ಉತ್ತರ: ಆ ಕಮಿಟ್‌ನ ಪೂರ್ತಿ 40 ಅಕ್ಷರದ ಹ್ಯಾಷನ್ನು ‘.ಗಿಟ್-ಬ್ಲೇಮ್-ಇಗ್ನೋರ್-ರೆವ್ಸ್’ ಎಂಬ ಫೈಲಿನಲ್ಲಿ ಸಾಲಿಗೊಂದರಂತೆ ಬರೆದು, ‘ಗಿಟ್ ಕಾನ್ಫಿಗ್ ಬ್ಲೇಮ್.ಇಗ್ನೋರ್‌ರೆವ್ಸ್‌ಫೈಲ್’ಗೆ ಆ ಹೆಸರು ಕೊಡಿ. ಬ್ಲೇಮ್ ಆ ಕಮಿಟ್ಟನ್ನು ದಾಟಿ ಹಿಂದಕ್ಕೆ ನೋಡುತ್ತದೆ. ಗಿಟ್ 2.23ರಿಂದ, ಅಂದರೆ 2019ರ ಆಗಸ್ಟ್‌ನಿಂದ ಈ ಸೌಲಭ್ಯ ಇದೆ. ಗಿಟ್‌ಹಬ್ ಕೂಡ ಈ ಹೆಸರಿನ ಫೈಲನ್ನು ಗುರುತಿಸುತ್ತದೆ. ಹ್ಯಾಷನ್ನು ಮರ್ಜ್ ಆದ ಮೇಲೆಯೇ ಬರೆಯಿರಿ. ಸ್ಕ್ವಾಷ್ ಅಥವಾ ರೀಬೇಸ್ ಆದರೆ ಹ್ಯಾಷ್ ಬದಲಾಗುತ್ತದೆ.

ಪ್ರಶ್ನೆ: ನಮ್ಮಲ್ಲಿ ಇನ್ನೂ ಸಬ್‌ವರ್ಷನ್ (ಗಿಟ್‌ನಂಥದೇ ಹಳೆಯ ಸಾಫ್ಟ್‌ವೇರ್). ಅದರ ಮುಖ್ಯ ಬ್ರ್ಯಾಂಚ್ ಆದ ಟ್ರಂಕ್‌ನ ಲಾಗ್‌ನಲ್ಲಿ ಎಲ್ಲವೂ ಮರ್ಜ್ ಮಾಡಿದವರ ಹೆಸರಿಗೇ ಇದೆ.
(ತುಮಕೂರಿನ ಓದುಗರು)

ಉತ್ತರ: ‘ಎಸ್‌ವಿಎನ್ ಲಾಗ್ -ಜಿ’, ‘ಎಸ್‌ವಿಎನ್ ಬ್ಲೇಮ್ -ಜಿ’ ಬಳಸಿ. 2008ರಲ್ಲಿ ಬಂದ 1.5ನೇ ಆವೃತ್ತಿಯಿಂದ ಸಬ್‌ವರ್ಷನ್ ಯಾವ ರಿವಿಷನ್‌ಗಳು ಮರ್ಜ್ ಆದವು ಎಂಬುದನ್ನು ‘ಎಸ್‌ವಿಎನ್:ಮರ್ಜ್‌ಇನ್ಫೊ’ ಎಂಬ ಪ್ರಾಪರ್ಟಿಯಲ್ಲಿ ಬರೆದಿಡುತ್ತದೆ. ‘-ಜಿ’ ಅದನ್ನು ಓದಿ ಮೂಲ ಬ್ರ್ಯಾಂಚ್‌ನ ರಿವಿಷನ್‌ಗಳನ್ನೂ ತೋರಿಸುತ್ತದೆ. ಅದರಲ್ಲೂ ಏನೂ ಬಾರದಿದ್ದರೆ, ಯಾರೋ ‘ಎಸ್‌ವಿಎನ್ ಮರ್ಜ್’ ಮಾಡದೆ ಬ್ರ್ಯಾಂಚ್‌ನ ಫೋಲ್ಡರ್‌ನಿಂದ ಫೈಲುಗಳನ್ನು ನಕಲು ಮಾಡಿ ಕಮಿಟ್ ಮಾಡಿರುವ ಸಂಭವವೇ ಹೆಚ್ಚು. ‘ಎಸ್‌ವಿಎನ್ ಮರ್ಜ್‌ಇನ್ಫೊ --ಶೋ-ರೆವ್ಸ್ ಎಲಿಜಿಬಲ್ ^/ಬ್ರ್ಯಾಂಚಸ್/ಹೆಸರು’ ಕೊಟ್ಟರೆ ಇನ್ನೂ ಮರ್ಜ್ ಆಗಿಲ್ಲ ಎಂದು ಅದು ನಂಬಿರುವ ರಿವಿಷನ್‌ಗಳು ಬರುತ್ತವೆ. ನಿಜವಾಗಿ ಸೇರಿರುವುದನ್ನು ಒಂದೊಂದಾಗಿ ಖಚಿತಪಡಿಸಿಕೊಂಡು, ‘ಎಸ್‌ವಿಎನ್ ಮರ್ಜ್ --ರೆಕಾರ್ಡ್-ಓನ್ಲಿ -ಸಿ 1234 ^/ಬ್ರ್ಯಾಂಚಸ್/ಹೆಸರು’ ಎಂದು ದಾಖಲೆ ಮಾತ್ರ ಬರೆಸಿ ಕಮಿಟ್ ಮಾಡಿ. ಒಂದು ಅನುಕೂಲವೂ ನಿಮಗಿದೆ: ‘ಎಸ್‌ವಿಎನ್ ಎಂವಿ’ ಮಾಡಿದ ಹೆಸರು ಬದಲಾವಣೆ ಇಲ್ಲಿ ಊಹೆಯಲ್ಲ, ಯಾವ ಫೈಲಿನಿಂದ ಯಾವ ರಿವಿಷನ್‌ನಲ್ಲಿ ಬಂತು ಎಂಬುದು ದಾಖಲಾಗಿಯೇ ಇರುತ್ತದೆ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಹೆಸರು ಬದಲಿಸಿ ಆಮೇಲೆ ‘ಆ್ಯಡ್’ ಮಾಡಿದರೆ ಮಾತ್ರ ಆ ಕೊಂಡಿ ಕಳಚುತ್ತದೆ.